ಮೇಕಪ್ಪಿಗೂ ನೀರು ಬೆರೆಸ್ತಾರಂತೆ!

“ಹಾಲಿಗಿ ನೀರು ಹಾಕೂದು ಗೊತ್ತಿತ್ತು, ಬಣ್ಣಕ್ಕೂ ಹಾಕಾಕತ್ತೀಯೇನವ್ವಾ?” ಹುಮನಾಬಾದಿನ ಮದುವೆ ಮಂಟಪದಲ್ಲಿ ವರನ ದೊಡ್ಡಮ್ಮ ಹೀಗೆಂದವರೇ, ನನ್ನ ಮುಖಕ್ಕೆ ಫೌಂಡೇಶನ್ ಹಚ್ಚುತ್ತಿದ್ದ ಬ್ಯೂಟಿಷಿಯನ್ ಕೈಯಿಂದ ಒದ್ದೆ ಸ್ಪಂಜು ಕಸಿದುಕೊಂಡರು. ಚಳಿಗೆ ಚರ್ಮ ಒಣಗಿದೆ, ಒದ್ದೆ ಸ್ಪಂಜಿನಿಂದ ತೆಳ್ಳಗೆ ಹಚ್ಚಿದರೇನೇ ಮೇಕಪ್ ಕೂರುತ್ತದೆ ಎಂದು, ಬಸವಕಲ್ಯಾಣದಿಂದ ನಮ್ಮ ಜೊತೆಗೇ ಬಂದಿದ್ದ ಆಕೆ ಎಷ್ಟು ಹೇಳಿದರೂ ಕೇಳಲಿಲ್ಲ. ಮುಖ ನನ್ನದು, ಆದರೆ ನನ್ನನ್ನಂತೂ ಯಾರೂ ಕೇಳಲೇ ಇಲ್ಲ. ಒಣ ಸ್ಪಂಜಿನಿಂದಲೇ ದಪ್ಪಗೆ ಬಳಿಸಿದರು.

ಅಕ್ಷತೆ ಬೀಳುವ ಹೊತ್ತಿಗೆ ಗೆಳತಿಯರು ಏನೋ ಚೇಷ್ಟೆ ಮಾಡಿದರು, ನಾನು ನಕ್ಕುಬಿಟ್ಟೆ. ಬಾಯಿಯ ಎರಡೂ ಬದಿ ಬಣ್ಣ ಬಿರುಕು ಬಿಟ್ಟಿತು. ದೊಡ್ಡಮ್ಮ ಕಿವಿಯ ಹತ್ತಿರ ಬಗ್ಗಿ ಗದರಿದರು: “ನಗಬ್ಯಾಡ! ಮಾರಿ ಮ್ಯಾಲಿನ ಬಣ್ಣ ಒಡಿಯಾಕತ್ತದ, ಫೋಟೊ ಕೆಡ್ತಾವ.” ನನ್ನ ಮದುವೆಯಲ್ಲಿ ನಾನೇ ನಗಬಾರದೇ? ಸಿಟ್ಟು ನುಂಗಿಕೊಂಡು, ಕೊನೆಯ ಫೋಟೊದ ತನಕ ತುಟಿ ಬಿಗಿಹಿಡಿದೆ.

ಈಗ ಮನೆಗೆ ಬಂದವರಿಗೆಲ್ಲ ಅವರೇ ಆಲ್ಬಮ್ ತೆಗೆದು ತೋರಿಸುತ್ತಾರೆ: “ನಮ್ಮ ಸೊಸಿ ನೋಡ್ರಿ, ಎಷ್ಟು ಗಂಭೀರ!” ನನಗೆ ಮೈಯೆಲ್ಲ ಉರಿಯುತ್ತದೆ. ಅದರಲ್ಲಿ ಎಲ್ಲರೂ ನಗುತ್ತಿದ್ದಾರೆ, ಅವರೂ ಕೂಡ. ನಗದಿರುವುದು ಮದುಮಗಳೊಬ್ಬಳೇ.