ಸುಗುಣಳನ್ನು ಕರೆತರಲು ತಿಪ್ಪಸಂದ್ರಕ್ಕೆ

ಚನ್ನಪಟ್ಟಣದಿಂದ ರಾಮನಗರಕ್ಕೆ ಬೆಳಗಿನ ರೈಲು ಹಿಡಿದೆ. ಅಲ್ಲಿಂದ ಮಾಗಡಿಗೆ ರೈಲಿಲ್ಲ, ಬಸ್ಸೇ ಗತಿ. ಅವರೆಕಾಯಿ ಕಾಲದ ಚಳಿ. ಕಿಟಕಿಯ ಗಾಜು ಮುಚ್ಚಲು ಬಾರದೆ ದಾರಿಯುದ್ದಕ್ಕೂ ಸೆರಗನ್ನು ಕಿವಿಗೆ ಸುತ್ತಿಕೊಂಡೇ ಕೂತಿದ್ದೆ. ಹೊರಟಿದ್ದು ತಿಪ್ಪಸಂದ್ರಕ್ಕೆ, ನನ್ನ ಸುಗುಣಳನ್ನು ವಾಪಸ್ ಕರೆತರಲು.

ಸುಗುಣ ಸರ್ಕಾರಿ ನರ್ಸು. ನಮ್ಮೂರಲ್ಲಿದ್ದಷ್ಟು ವರ್ಷ ನಾವಿಬ್ಬರೂ ಜೋಡಿ. ನಮ್ಮ ಮನೆಯ ಬುಧವಾರದ ಪ್ರಾರ್ಥನಾ ಕೂಟದಲ್ಲಿ ಅವಳು ಹಾಡು ಎತ್ತಿಕೊಟ್ಟರೆ ನಾನು ಬೈಬಲ್ ವಾಕ್ಯ ಓದುತ್ತಿದ್ದೆ. ಅವಳಿಗೆ ವರ್ಗವಾದ ಮೇಲೆ ಕೂಟಕ್ಕೆ ಉಳಿದವರು ಮೂರೇ ಜನ. ಇಬ್ಬರು ಮೂವರು ಕೂಡಿದರೂ ದೇವರು ನಡುವೆ ಇರುತ್ತಾನೆಂದು ಊರೆಲ್ಲ ಹೇಳಿಕೊಂಡು ತಿರುಗಿದವಳು ನಾನೇ. ಆದರೆ ಆ ಮೂವರಲ್ಲಿ ಸುಗುಣ ಇಲ್ಲವಲ್ಲ! ಈಗ ನಮ್ಮ ಆಸ್ಪತ್ರೆಯಲ್ಲಿ ಒಂದು ಜಾಗ ಖಾಲಿಯಾಗಿತ್ತು. ಅವಳು ಅರ್ಜಿ ಹಾಕಿದರೆ ಸಾಕಿತ್ತು.

ಮಾಗಡಿಯಲ್ಲಿ ಎರಡು ಇಡ್ಲಿ ತಿಂದು ತಿಪ್ಪಸಂದ್ರದ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತವಳು ಕೆಂಪಮ್ಮ ಎಂಬ ರೈತರ ಹೆಂಗಸು. ಎಲ್ಲಿಗೆಂದು ಕೇಳಿದಳು, ನರ್ಸಮ್ಮನ ಮನೆಗೆ ಎಂದೆ. ತಾನೂ ಅಲ್ಲಿನ ಕೂಟಕ್ಕೇ ಹೋಗುವುದೆಂದು ಹಿಗ್ಗಿದಳು.

"ಸುಗುಣಮ್ಮ, ಮೇರಿಯಮ್ಮ ಇಬ್ರೂ ಒಂದೇ ಜೀವ ಕಣಕ್ಕ," ಎಂದಳು.

ಮೇರಿಯಮ್ಮ ಯಾರು? ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು.

ಮೇರಿಯಮ್ಮ ಅಲ್ಲಿನ ಅಂಗನವಾಡಿ ಟೀಚರು. ನಾವು ಹೋದಾಗ ಸುಗುಣಳ ಅಡುಗೆಮನೆಯಲ್ಲೇ ಇದ್ದಳು. ಯಾವ ಡಬ್ಬಿ ಎಲ್ಲಿದೆ ಎಂದು ಕೇಳದೆಯೇ ತೆಗೆಯುತ್ತಿದ್ದಳು. ಮುದ್ದೆ, ಅವರೆಕಾಳಿನ ಸಾರು ಬಡಿಸಿದರು. ಸಾರಿಗೆ ಉಪ್ಪು ಸಾಲದು ಎಂದು ಹೇಳಿಯೇಬಿಟ್ಟೆ. ಉಪ್ಪು ಸರಿಯಾಗಿಯೇ ಇತ್ತು.

ಊಟವಾದ ಮೇಲೆ ಕೂಟ. ಅವರು ಐದು ಜನ ಹೆಂಗಸರು, ನಾನು ಆರನೆಯವಳು. ಸುಗುಣ ಹಾಡಿದಳು, ಮೇರಿಯಮ್ಮ ವಾಕ್ಯ ಓದಿದಳು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ ಎಂದುಕೊಂಡೆ. ಆದರೆ ಚೆನ್ನಾಗಿಯೇ ಓದಿದಳು, ಅದೇ ಸಂಕಟ. ಕೊನೆಗೆ ಜೋಡಿ ಪ್ರಾರ್ಥನೆ. ಇಬ್ಬಿಬ್ಬರು ಎದುರುಬದುರು ಕೂತು, ಒಬ್ಬರ ಕೋರಿಕೆಯನ್ನು ಇನ್ನೊಬ್ಬರು ದೇವರಿಗೆ ಹೇಳಬೇಕು. ಅದನ್ನು ಚನ್ನಪಟ್ಟಣದಲ್ಲಿ ಶುರು ಮಾಡಿದ್ದೇ ನಾನು ಮತ್ತು ಸುಗುಣ. ಚಾಪೆಯ ಮೇಲೆ ಅವಳತ್ತ ಸರಿದೆ. ಅವಳು ಆಗಲೇ ಮೇರಿಯಮ್ಮನ ಕಡೆ ತಿರುಗಿದ್ದಳು.

"ಕೆಂಪಮ್ಮಂಗೆ ಯಾವತ್ತೂ ಜೊತೆ ಇರಲ್ಲ ಕಣೇ. ಇವತ್ತು ನೀನಿದ್ದೀಯಲ್ಲ," ಎಂದಳು.

ಕೆಂಪಮ್ಮ ನನ್ನ ಕೈ ಹಿಡಿದು, ನಿಮಗೇನು ಬೇಕೆಂದು ಕೇಳಿದಳು. ಸಿಟ್ಟಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಅವಳ ಕಿವಿಯಲ್ಲಿ ಪಿಸುಗುಟ್ಟಿದೆ. ಅವಳೋ ಹೊಲದಾಚೆಯವರನ್ನು ಕೂಗುವ ದನಿಯಲ್ಲಿ ದೇವರಿಗೆ ಒಪ್ಪಿಸಿದಳು:

"ಸ್ವಾಮಿ, ಈಯಕ್ಕಂಗೆ ಮೇರಿಯಮ್ಮನ ಮ್ಯಾಲೆ ಹೊಟ್ಟೆಕಿಚ್ಚು ಐತೆ. ಸುಗುಣಮ್ಮನ್ನ ವಾಪಸ್ ಕಳ್ಸು ಅಂತಾವ್ರೆ. ಕಳ್ಸಕ್ಕಾಗ್ದಿದ್ರೆ, ಜೊತೆಗೆ ನಾನಿವ್ನಿ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನನ್ನ ಸರದಿ ಬಂದದ್ದೂ ಗೊತ್ತಾಗದೆ ತಲೆ ತಗ್ಗಿಸಿ ಕೂತೆ.

ಸಂಜೆ ಸುಗುಣ, ಮೇರಿಯಮ್ಮ, ಕೆಂಪಮ್ಮ ಮೂವರೂ ಬಸ್ಸಿನವರೆಗೆ ಬಂದರು. ಅರ್ಜಿಯ ಮಾತೆತ್ತಿದೆ. ಹಾಕುವುದಿಲ್ಲ, ಇಲ್ಲಿ ಈಗತಾನೇ ಕೂಟ ಬೇರೂರುತ್ತಿದೆ ಎಂದಳು ಸುಗುಣ. ನನಗೆ ಹೊಟ್ಟೆ ಉರಿಯುತ್ತದೆ ಎಂದೆ.

"ಗೊತ್ತು. ಊರಿಗೆಲ್ಲ ಕೇಳಿಸ್ತಲ್ಲ," ಎಂದು ನನ್ನ ಕೆನ್ನೆ ತಟ್ಟಿದಳು.

ಬಸ್ಸು ಹತ್ತಿ ಕೂತ ಮೇಲೆ ನೆನಪಾಯಿತು. ಕೆಂಪಮ್ಮ ನನಗಾಗಿ ಬೇಡಿದಳು, ಅವಳ ಕೋರಿಕೆ ಏನೆಂದು ನಾನು ಕೇಳಿಯೇ ಇರಲಿಲ್ಲ. ಕಿಟಕಿಯಿಂದ ಬಗ್ಗಿ ಕೇಳಿದೆ.

"ಬಸ್ಸಲ್ಲಿ ಯೋಳೋದಲ್ಲ ಕಣಕ್ಕ ಅದು," ಎಂದಳು. "ಮುಂದಿನ ಕೂಟಕ್ಕೆ ಬನ್ನಿ, ಯೋಳ್ತೀನಿ."

ಬಸ್ಸು ಹೊರಟಿತು. ತಿರುಗಿ ನೋಡಿದೆ. ಸುಗುಣ, ಮೇರಿಯಮ್ಮ ಆಗಲೇ ತಲೆಗೆ ತಲೆ ಕೊಟ್ಟು ಮಾತಾಡುತ್ತ ಮನೆಯ ಕಡೆ ನಡೆದಿದ್ದರು. ಮತ್ತೆ ಉರಿಯಿತು. ಕೆಂಪಮ್ಮ ಮಾತ್ರ ಒಬ್ಬಳೇ ರಸ್ತೆಯಲ್ಲಿ ನಿಂತು ನನ್ನ ಬಸ್ಸನ್ನೇ ನೋಡುತ್ತಿದ್ದಳು.