ಕಸ್ತೂರೆವ್ವನ ಮಹಡಿ ಮನೆ

ಕಸ್ತೂರೆವ್ವನ ಮನೆಗೆ ಮಹಡಿ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಆಕೆಯ ಬಾಯಲ್ಲೇ ಕೇಳಿದ್ದರೆ ಇದ್ದೇ ಇದೆ ಎಂದು ನೀವೂ ಆಣೆ ಮಾಡುತ್ತಿದ್ದಿರಿ.

ಮುದ್ದೇಬಿಹಾಳಕ್ಕೂ ಬಸವನ ಬಾಗೇವಾಡಿಗೂ ನಡುವಿನ ಒಂದು ಸಣ್ಣ ಪಟ್ಟಣ. ಅಲ್ಲಿ ಹಳೇ ಸಂತೆ ಬೀದಿಯ ತುದಿಗೆ ಆಕೆಯ ಮನೆ, ಜಂತಿಗಳ ಮೇಲೆ ಮಣ್ಣು ಹಾಕಿದ ಚಪ್ಪಟೆ ಸೂರಿನದು, ನಮ್ಮ ಕಡೆ ಇದಕ್ಕೆ ಮಣ್ಣಿನ ಮಾಳಿಗೆ ಎನ್ನುತ್ತಾರೆ. ತಲಬಾಗಿಲು ದಾಟಿದರೆ ಕುರಿಮರಿ ಕಟ್ಟುವ ಜಾಗ, ಅದಕ್ಕಿಂತ ತುಸು ಎತ್ತರಕ್ಕೆ ಪಡಸಾಲೆ, ಒಳಗೆ ಅಡುಗೆಮನೆ, ಪಕ್ಕಕ್ಕೆ ಒಂದು ಕೋಣೆ. ಮುಗಿಯಿತು. ಆದರೆ ಕಸ್ತೂರೆವ್ವ ಮಾತಿಗೆ ನಿಂತಳೆಂದರೆ ಇದೇ ಮನೆ ದೇಸಾಯರ ವಾಡೆಯಾಗುತ್ತಿತ್ತು. ಹಾಗಂತ ಕೆಟ್ಟ ಹೆಂಗಸಲ್ಲ. ಸಂತೆಯಲ್ಲಿ ಕುರಿ ಮಾರುವ ಮನೆತನದಲ್ಲಿ ಹುಟ್ಟಿ, ಅಂಥದೇ ಮನೆತನಕ್ಕೆ ಸೊಸೆಯಾಗಿ ಬಂದವಳು. ಬಡಕಲು ಟಗರಿನ ಬೆನ್ನು ಸವರಿ ಅದಕ್ಕೆ ಇಲ್ಲದ ಕೊಬ್ಬನ್ನು ಮಾತಿನಲ್ಲೇ ತುಂಬುವುದು ಆಕೆಗೆ ಚಿಕ್ಕಂದಿನಿಂದ ರೂಢಿ. ಗಂಡ ಕಾಳಪ್ಪನದು ಇದಕ್ಕೆ ತದ್ವಿರುದ್ಧ ಸ್ವಭಾವ. ಅವನಿಂದ ಒಂದು ಮಾತು ಹೊರಡಿಸಬೇಕಾದರೆ ಮೂರು ಸಲ ಕೇಳಬೇಕು.

ಮಗ ಕಾಂತುವಿಗೆ ಬಾಗೇವಾಡಿಯಲ್ಲಿ ಪಂಪಸೆಟ್ಟಿನ ಮೋಟರು ರಿಪೇರಿಯ ಅಂಗಡಿ. ದೇವರ ಹಿಪ್ಪರಗಿಯ ಭಾಗ್ಯಾ ಎಂಬ ಹುಡುಗಿಯನ್ನು ನೆಂಟಸ್ತಿಕೆ ಕುದುರಿಸುವ ಸಿದ್ಧರಾಮ ತೋರಿಸಿದ್ದ. ಆಕೆಗೆ ಸಿಂದಗಿಯ ಒಂದು ರಕ್ತ ತಪಾಸಣೆ ಲ್ಯಾಬಿನಲ್ಲಿ ಕೆಲಸ. ಇಬ್ಬರೂ ಸಿಂದಗಿ ಬಸ್‌ಸ್ಟ್ಯಾಂಡಿನ ಖಾನಾವಳಿಯಲ್ಲಿ ಒಮ್ಮೆ ಕೂತು ಮಾತಾಡಿದ್ದೇ ತಡ, ಕಾಂತು ಮನೆಗೆ ಬಂದವನೇ, ಮದುವೆಯಾದರೆ ಇವಳನ್ನೇ, ಇಲ್ಲದಿದ್ದರೆ ಮದುವೆಯೇ ಬೇಡ ಎಂದು ಕೂತ. ಇನ್ನು ಉಳಿದದ್ದು ಹೆಣ್ಣಿನವರು ಮನೆ ನೋಡಿ ಒಪ್ಪುವುದು. ಕಸ್ತೂರೆವ್ವ ಸಿದ್ಧರಾಮನಿಗೆ ಮನೆಯ ವರ್ಣನೆಯನ್ನು ಧಾರಾಳವಾಗಿಯೇ ಕೊಟ್ಟು ಕಳಿಸಿದಳು.

ನಮ್ಮ ಕಡೆ ಹೆಣ್ಣಿನವರು ಬಹಿರಂಗವಾಗಿ ಮನೆ ನೋಡಲು ಬರುವ ಮುಂಚೆ ಯಾರನ್ನಾದರೂ ಸದ್ದಿಲ್ಲದೆ ಕಳಿಸುತ್ತಾರೆ. ಬಂದವರು ಕುಡಿಯಲು ನೀರು ಕೇಳುತ್ತಾರೆ, ಇಲ್ಲವೆ ಮರಿ ಮಾರಾಟಕ್ಕಿದೆಯೇ ಎನ್ನುತ್ತಾರೆ, ಕಣ್ಣು ಮಾತ್ರ ಜಂತಿ ತೊಲೆಗಳ ಮೇಲೆ ಓಡಾಡುತ್ತಿರುತ್ತದೆ. ಕಸ್ತೂರೆವ್ವ ಅಂಥವರಿಗಾಗಿ ಬಾಗಿಲಲ್ಲೇ ಕಾಯುತ್ತಿದ್ದಳು. ಒಂದು ಮಧ್ಯಾಹ್ನ ಇಬ್ಬರು ಬಂದೇ ಬಂದರು. ಆಸ್ತಿ ಸಮೀಕ್ಷೆಯವರು ಎಂದರು. ಕೊರಳಲ್ಲಿ ಗುರುತಿನ ಚೀಟಿಯೂ ನೇತಾಡುತ್ತಿತ್ತು. ಎಂಥಾ ಹುಷಾರು ಮಂದಿ, ಚೀಟಿ ಸೈತ ಮಾಡಿಸಿಕೊಂಡು ಬಂದಾರ ಎಂದು ಕಸ್ತೂರೆವ್ವ ಒಳಗೊಳಗೇ ಮೆಚ್ಚಿಕೊಂಡಳು.

ಚಹಾ ಆಯಿತು, ಶೇಂಗಾದ ಉಂಡಿ ಆಯಿತು. ಮೇಲೇನಿದೆ ಎಂದು ಅವರು ಕೇಳಿದರು. ಎರಡು ಖೋಲಿ, ಹೊಸಾ ಸ್ಲ್ಯಾಬು, ಹಿಂದಿನ ಕಡೆ ಐತಿ, ಬೀದಿಗೆ ಕಾಣೂದಿಲ್ಲ ಎಂದಳು. ಏಣಿ ಪಕ್ಕದ ಮನೆಗೆ ಹೋಗಿದ್ದರಿಂದ ಯಾರೂ ಹತ್ತಿ ನೋಡುವಂತಿರಲಿಲ್ಲ, ಅದೃಷ್ಟ ನೋಡಿ. ಮುಂದಿನ ಕಟ್ಟೆಯ ಮೇಲೆ ಹೊಲಿಗೆ ಮಶೀನು ಇಟ್ಟುಕೊಂಡು ಕೂತ ಜಾಹಿದ ಯಾರು? ನಮ್ಮ ಮಳಿಗೆಯ ಬಾಡಿಗೆಯವ. ಇನ್ನೊಂದು ಮಳಿಗೆ ಬಾಡಿಗೆಗೆ ತಯಾರಿದೆ. ಪಕ್ಕದ ಖುಲ್ಲಾ ಜಾಗ? ಅದೂ ನಮ್ಮದೇ. ಅದು ಮೈದುನನ ಜಾಗವಾಗಿತ್ತು. ಅವರು ಆಕೆ ಹೇಳಿದ್ದನ್ನೆಲ್ಲ ಬರೆದುಕೊಂಡು, ಆಕೆಯಿಂದ ಸಹಿ ಮಾಡಿಸಿಕೊಂಡು ಹೋದರು. ಸಹಿ ಯಾಕೆ ಎಂದು ಕಾಳಪ್ಪ ಕೇಳಿದ್ದಕ್ಕೆ, ಈಗಿನ ಕಾಲದ ಲಗ್ನ ಎಲ್ಲಾ ಹಿಂಗ ಎಂದಳು. ಆ ಸಂಜೆ ಆಕೆ ಹಿಗ್ಗಿ ಹೀರೇಕಾಯಿಯಾಗಿದ್ದಳು.

ಕೆಲವು ವಾರ ಕಳೆದ ಮೇಲೆ ಬಂದದ್ದು ಹೆಣ್ಣಿನವರ ಒಪ್ಪಿಗೆಯಲ್ಲ, ಮನೆ ತೆರಿಗೆಯ ನೋಟೀಸು. ಕಾಂತು ಓದಿದ. ಎರಡಂತಸ್ತಿನ ಆರ್‌ಸಿಸಿ ಕಟ್ಟಡ, ಎರಡು ವಾಣಿಜ್ಯ ಮಳಿಗೆ, ಹೊಂದಿಕೊಂಡ ಖಾಲಿ ನಿವೇಶನ. ತೆರಿಗೆ ಹೋದ ವರ್ಷದ ಐದು ಪಟ್ಟು, ಅದೂ ಇನ್ನು ವರ್ಷಾ ವರ್ಷಾ. ಕಸ್ತೂರೆವ್ವ ಕಾಗದ ಕಸಿದುಕೊಂಡು ಹಿಂದೆ ಮುಂದೆ ತಿರುವಿ ನೋಡಿದಳು. ಬಂದವರು ನಿಜವಾಗಿಯೂ ಸಮೀಕ್ಷೆಯವರೇ!

ಕಾಳಪ್ಪ ನಕ್ಕ. ಅವನು ಹಾಗೆ ಹೊಟ್ಟೆ ಹಿಡಿದುಕೊಂಡು ನಕ್ಕದ್ದನ್ನು ಆ ಬೀದಿ ಕಂಡಿರಲಿಲ್ಲ. ಕಸ್ತೂರೆವ್ವನಿಗೆ ಮೈಯೆಲ್ಲ ಉರಿಯಿತು. ಮರುದಿನ ಬೆಳಗಾಗುತ್ತಲೇ ಮಗನನ್ನು ಎಳೆದುಕೊಂಡು ಪಟ್ಟಣ ಪಂಚಾಯಿತಿಗೆ ಹೋದಳು.

ಅಲ್ಲಿ ಕಂದಾಯದ ಕೆಲಸ ನೋಡುವ ವರದಾಬಾಯಿ ಕೂಡಿಸಿ ತಿಳಿಸಿ ಹೇಳಿದರು. ನೋಟೀಸು ಬಂತೆಂದರೆ ಎಲ್ಲ ಮುಗಿಯಿತೆಂದಲ್ಲ. ಅದರಲ್ಲಿ ಕೊಟ್ಟ ಗಡುವಿನೊಳಗೆ ತಕರಾರು ಅರ್ಜಿ ಹಾಕಬಹುದು. ಹಳೇ ತೆರಿಗೆ ರಸೀದಿ, ಮನೆಬಳಕೆಯ ಕರೆಂಟ್ ಬಿಲ್ಲು, ಮನೆಯ ಫೋಟೊ ಜೋಡಿಸಬೇಕು. ಆಮೇಲೆ ವರದಾಬಾಯಿಯೇ ಬಂದು ಅಳೆಯುತ್ತಾರೆ. ಮಣ್ಣಿನ ಮಾಳಿಗೆಗೂ ಸ್ಲ್ಯಾಬಿಗೂ ದರ ಬೇರೆ, ಅಂಗಡಿಗೂ ವಾಸಕ್ಕೂ ಬೇರೆ, ಕಟ್ಟಡ ಹಳೆಯದಾದಷ್ಟೂ ತೆರಿಗೆಯಲ್ಲಿ ಕಳೆಯುತ್ತಾರೆ. ಆಗಲೂ ಸರಿಯಾಗದಿದ್ದರೆ ಇನ್ನೂ ಮೇಲಿನವರಿಗೆ ಮೇಲ್ಮನವಿ. ಕಸ್ತೂರೆವ್ವ ಬಾಯಿ ಬಿಟ್ಟುಕೊಂಡು ಕೇಳಿದಳು. ಸರಕಾರದ ಕಾಗದದ ಜೊತೆಗೂ ಸಂತೆಯಲ್ಲಿ ದರಕ್ಕೆ ಎಳೆದಾಡಿದಂತೆ ಎಳೆದಾಡಬಹುದೆಂದು ಆಕೆಗೆ ಈವರೆಗೆ ಯಾರೂ ಹೇಳಿರಲಿಲ್ಲ. ಎಳೆದಾಡುವುದೆಂದರೆ ಆಕೆಗೆ ಹಬ್ಬ. ಮನೆಗೆ ಬರುವಷ್ಟರಲ್ಲಿ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಬೀದಿಯವರನ್ನೆಲ್ಲ ನಿಲ್ಲಿಸಿ ನಿಮ್ಮ ನೋಟೀಸು ತೋರಿಸಿ, ನಿಮ್ಮ ಅಳತೆ ಸರಿಯಿದೆಯೇ ನೋಡಿಕೊಳ್ಳಿ ಎಂದು ಸಾರಿಕೊಂಡು ಬಂದಳು. ಮೂಲೆಮನೆ ಮುಮ್ತಾಜಳ ಕಾಗದದಲ್ಲಿ ಬಿದ್ದುಹೋದ ಕೊಟ್ಟಿಗೆಗೂ ತೆರಿಗೆ ಹಾಕಿದ್ದು ಸಿಕ್ಕಿತು. ಆಕೆಯದೂ ಒಂದು ಅರ್ಜಿ ಹೋಯಿತು.

ಒಂದೇ ತೊಡಕು. ಹಿಂದೆ ಹೇಳಿದ್ದಕ್ಕೆ ಕಸ್ತೂರೆವ್ವನೇ ಸಹಿ ಮಾಡಿದ್ದಳಲ್ಲ, ಆದ್ದರಿಂದ ತನಿಖೆಯ ದಿನ ಅದು ತಪ್ಪೆಂದು ಅವಳೇ ಬಾಯಿಬಿಟ್ಟು ಹೇಳಿಕೆ ಕೊಡಬೇಕಿತ್ತು. ಕೊಡದಿದ್ದರೆ ಬರೆದದ್ದೇ ಖಾಯಂ. ಕೊಡುತ್ತೇನೆ, ಅದರಲ್ಲೇನಿದೆ, ನಾಲ್ಕು ಗೋಡೆಯ ಒಳಗಿನ ಮಾತು ಎಂದುಕೊಂಡಳು.

ತನಿಖೆಗೆ ಗುರುವಾರ ಗೊತ್ತಾಯಿತು. ಗುರುವಾರ ಬೆಳಿಗ್ಗೆ ಸಿದ್ಧರಾಮನ ಫೋನು. ಹುಡುಗಿಯ ತಾಯಿ ಕಾವೇರಿಯನ್ನು ಕರೆದುಕೊಂಡು ಹಿಪ್ಪರಗಿಯಿಂದ ಬಸ್ಸು ಹತ್ತಿದ್ದೇನೆ, ಮನೆ ನೋಡುವುದು ಇವತ್ತೇ ಆಗಿಹೋಗಲಿ ಎಂದ.

ಅಯ್ಯೋ ಶಿವನೇ! ಒಂದೇ ದಿನ, ಒಂದೇ ಮನೆ. ಒಬ್ಬರಿಗೆ ಅದು ಸಣ್ಣದಾಗಿ ಕಾಣಬೇಕು, ಇನ್ನೊಬ್ಬರಿಗೆ ದೊಡ್ಡದಾಗಿ. ಕಸ್ತೂರೆವ್ವ ಅಡುಗೆಮನೆಗೂ ಬಾಗಿಲಿಗೂ ನೂರು ಸಲ ಓಡಾಡಿದಳು. ವರದಾಬಾಯಿ ಮುಂಜಾನೆಯೇ ಬಂದು ಹೋದರೆ ಬಚಾವಾದೆ ಎಂದುಕೊಂಡು, ಇತ್ತ ಮುಮ್ತಾಜಳ ಮನೆಯಿಂದ ಸ್ಟೀಲಿನ ಕಪಾಟು ತರಿಸಿದಳು, ಜಾಹಿದನಿಂದ ಮೂರು ಕುರ್ಚಿ ಇಸಿದುಕೊಂಡಳು. ಕಾಂತು ತಾಯಿಯನ್ನು ನೋಡುತ್ತಾ ಗೋಡೆಗೆ ಒರಗಿ ನಿಂತಿದ್ದ. ಮಹಡಿ ಎಲ್ಲಿ ಎಂದು ಅವರು ಕೇಳಿದರೆ ಏನು ಹೇಳುತ್ತೀ ಎಂದು ಕೇಳಿದ. ಕಟ್ಟಿಸುವವರಿದ್ದೇವೆ ಎಂದರಾಯಿತು ಎಂದಳು, ದನಿಯಲ್ಲಿ ಮಾತ್ರ ಜೀವವಿರಲಿಲ್ಲ.

ಬಂದವರು ಮೊದಲು ಬೀಗರೇ. ಕಾವೇರಿ ಹಿಪ್ಪರಗಿಯಲ್ಲಿ ಖಡಕ್ ರೊಟ್ಟಿ ಮಾಡಿ ಮಾರಿ ಒಬ್ಬಳೇ ಮಗಳನ್ನು ಓದಿಸಿದ ಹೆಂಗಸು. ಮಾತು ಕಡಿಮೆ. ಪಡಸಾಲೆಯಲ್ಲಿ ಕೂತವಳು ಎರಡು ಸಲ ಮೇಲೆ ಜಂತಿ ನೋಡಿದಳು. ಅವಲಕ್ಕಿಯ ಪ್ಲೇಟನ್ನು ಕೈಯಲ್ಲಿ ಹಿಡಿದೇ ಇದ್ದಳು, ಬಾಯಿಗೆ ಹಾಕಲಿಲ್ಲ. ಏನೋ ಹೇಳಬೇಕೆಂದು ಬಂದು ಹೇಗೆ ಶುರು ಮಾಡಬೇಕೆಂದು ತಿಳಿಯದವಳಂತೆ ಸಿದ್ಧರಾಮನ ಮುಖ ನೋಡುತ್ತಿದ್ದಳು. ಕಸ್ತೂರೆವ್ವನಿಗೆ ಯಾಕೋ ಸರಿಬರಲಿಲ್ಲ. ಅಷ್ಟರಲ್ಲಿ ಟೇಪು, ಕಾಗದ ಹಿಡಿದ ಸಿಪಾಯಿಯ ಜೊತೆ ವರದಾಬಾಯಿ ಒಳಗೆ ಬಂದರು.

ಪಿಸುಮಾತಿನಲ್ಲಿ ಮುಗಿಸಲು ಕಸ್ತೂರೆವ್ವ ಎಷ್ಟು ಕಣ್ಸನ್ನೆ ಮಾಡಿದರೂ ವರದಾಬಾಯಿಗೆ ಅದು ತಿಳಿಯಲಿಲ್ಲ. ಅವರದು ಶಾಲೆ ಕಲಿಸುವವರ ಗಟ್ಟಿ ದನಿ. ಸಿಪಾಯಿ ಗೋಡೆಯಿಂದ ಗೋಡೆಗೆ ಟೇಪು ಎಳೆದ. ಕುರಿಮರಿ ಅದನ್ನು ಮೆಲ್ಲಲು ಬಂತು. ಕಾಳಪ್ಪ ಏಣಿ ತಂದು ಹಚ್ಚಿದ. ಸಿಪಾಯಿ ಮೇಲೆ ಹತ್ತಿ ಇಳಿದು, ಮೇಲೆ ಒಣಹಾಕಿದ ಮೆಣಸಿನಕಾಯಿ ಬಿಟ್ಟರೆ ಏನೂ ಇಲ್ಲ ಎಂದ. ವರದಾಬಾಯಿ ಪೆನ್ನು ತೆಗೆದರು.

“ಕಸ್ತೂರೆವ್ವ, ನೀವೇ ಹೇಳ್ರಿ. ಮ್ಯಾಲ ಮಹಡಿ ಐತೋ ಇಲ್ಲೋ?”

ಕಸ್ತೂರೆವ್ವ ಮಗನತ್ತ ನೋಡಿದಳು. ಇದೆ ಎಂದರೆ ಇಲ್ಲದ ಮಹಡಿಗೆ ಸಾಯುವತನಕ ತೆರಿಗೆ ಕಟ್ಟಬೇಕು. ಇಲ್ಲ ಎಂದರೆ ಮಗನ ಕನಸು ಇಲ್ಲೇ, ಇವರ ಕಣ್ಣೆದುರಿಗೇ ಮುಗಿಯಿತು. ಕಟ್ಟಿಸುವವರಿದ್ದೇವೆ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಆಗ ಕಾಂತು ತಾಯಿಗೆ ತಲೆಯಾಡಿಸಿದ, ಹೇಳಿಬಿಡು ಎನ್ನುವ ಹಾಗೆ. ಇಂಥಾ ಮಗನ ಲಗ್ನವನ್ನು ಸುಳ್ಳಿನ ಮೇಲೆ ನಿಲ್ಲಿಸಲು ಹೊರಟೆನಲ್ಲ ಎಂದು ಕಸ್ತೂರೆವ್ವನಿಗೆ ನಾಚಿಕೆಯಾಯಿತು.

“ಇಲ್ರಿ ಬಾಯಾರ. ಮಹಡಿ ಇಲ್ಲ. ನಾನು ಸುಳ್ಳ ಹೇಳೇನಿ.”

ಒಂದು ನಿಜ ಹೊರಬಿದ್ದದ್ದೇ ತಡ, ಉಳಿದವು ಒಂದರ ಹಿಂದೊಂದು ನುಗ್ಗಿ ಬಂದವು. ಮಳಿಗೆ ಒಂದೂ ಇಲ್ಲ, ಜಾಹಿದ ಗೆಳೆತನಕ್ಕೆ ಕಟ್ಟೆಯ ಮೇಲೆ ಕೂರುತ್ತಾನೆ, ಬಾಡಿಗೆ ಕೊಡುವುದು ಹೋಗಲಿ ಚಹಾವೂ ನಮ್ಮದೇ. ಪಕ್ಕದ ಜಾಗ ಮೈದುನನದು. ಮಾಳಿಗೆ ಮಣ್ಣಿನದು, ಮಳೆಗಾಲಕ್ಕೆ ಮುಂಚೆ ಹೊಸ ಮಣ್ಣು ಹಾಕದಿದ್ದರೆ ಒಲೆಯ ಮೇಲೆಯೇ ಸೋರುತ್ತದೆ. ವರದಾಬಾಯಿ ಇಷ್ಟು ಸಾಕು ಎಂದರು. ಕಸ್ತೂರೆವ್ವ ಎಲ್ಲಿ ನಿಲ್ಲುತ್ತಾಳೆ? ಸುಳ್ಳು ಹೇಳಲು ಎಷ್ಟು ಹುರುಪಿತ್ತೋ ನಿಜ ಹೇಳಲೂ ಅಷ್ಟೇ ಹುರುಪು ಬಂದುಬಿಟ್ಟಿತ್ತು. ಆ ಕಪಾಟು ಮುಮ್ತಾಜಳದು, ಈ ಕುರ್ಚಿಗಳು ಜಾಹಿದನವು, ಅವಲಕ್ಕಿಯ ಪ್ಲೇಟು ಸೈತ ಎರವಲು ಎಂದು ಕಾವೇರಿಯ ಕೈಯತ್ತ ಬೆರಳು ತೋರಿಸಿದಳು. ಸಿಪಾಯಿ ಮುಖ ತಿರುಗಿಸಿಕೊಂಡು ನಕ್ಕ. ಸಿದ್ಧರಾಮ ತಲೆಯ ಮೇಲೆ ಕೈ ಹೊತ್ತ.

ವರದಾಬಾಯಿ ಬರೆದುಕೊಂಡು ಓದಿ ಹೇಳಿದರು. ಮಣ್ಣಿನ ಮಾಳಿಗೆ, ಒಂದೇ ಅಂತಸ್ತು, ಸ್ವಂತ ವಾಸ, ಹಳೇ ಕಟ್ಟಡ. ಮುಖ್ಯಾಧಿಕಾರಿಗಳ ಮುಂದೆ ಇಡುತ್ತೇನೆ, ಇಷ್ಟು ದಾಖಲೆ ಇದ್ದ ಮೇಲೆ ತೆರಿಗೆ ಇಳಿಯದೆ ಇರುವುದಿಲ್ಲ ಎಂದರು. ಗೆದ್ದಂತಾಯಿತು. ಆದರೆ ಕಸ್ತೂರೆವ್ವನಿಗೆ ಅದು ಕಿವಿಗೇ ಬೀಳಲಿಲ್ಲ. ಆಕೆ ಕಾವೇರಿಯನ್ನು ನೋಡುತ್ತಿದ್ದಳು. ಕಾವೇರಿ ಪ್ಲೇಟು ಕೆಳಗಿಟ್ಟು ಎದ್ದು ನಿಂತಳು. ಹೊರಟೇಬಿಟ್ಟಳು ಎಂದುಕೊಂಡು ಕಾಂತು ದಾರಿ ಬಿಟ್ಟು ಸರಿದ.

ಕಾವೇರಿ ಹೋಗಲಿಲ್ಲ. ಕಸ್ತೂರೆವ್ವನ ಹತ್ತಿರ ಬಂದು ಅವಳ ಎರಡೂ ಕೈ ಹಿಡಿದುಕೊಂಡಳು. ಅವಳ ಕಣ್ಣಲ್ಲಿ ನೀರಿತ್ತು.

“ಅಕ್ಕಾ, ನಾ ಇವತ್ತ ಈ ನೆಂಟಸ್ತನ ಬ್ಯಾಡಂತ ಹೇಳಾಕ ಬಂದಿದ್ನಿರಿ. ಮಹಡಿ ಮನಿ, ಎರಡ ಮಳಿಗಿ ಅಂತ ಸಿದ್ಧರಾಮಣ್ಣ ಹೇಳಿದಾಗಿಂದ ನನಗ ನಿದ್ದಿ ಇಲ್ಲ. ಅಂಥಾ ಮನಿಗೆ ರೊಟ್ಟಿ ಬಡಿಯೂ ನಾನು ಏನ ಕೊಟ್ಟ ಮಗಳನ್ನ ಕಳಸಲಿ? ಭಾಗ್ಯಾ ಎರಡ ದಿನದಿಂದ ಉಂಡಿಲ್ರಿ.”

ಆಮೇಲೆ ಅವಳು ಮತ್ತೊಮ್ಮೆ ಆ ಮಣ್ಣಿನ ಮಾಳಿಗೆಯನ್ನು ಕಣ್ತುಂಬ ನೋಡಿದಳು.

“ಈಗ ಹೇಳ್ರಿ, ಲಗ್ನ ಯಾವಾಗ ಇಟ್ಟಕೊಳ್ಳೂಣು?”