ಆಣೆ ಬ್ಯಾಡ, ಸ್ಯಾಂಪಲ್ ಕೊಡಿ

ಬೆಳಗಿನ ಐದೂ ಮುಕ್ಕಾಲು. ಬಿಡದಿ ಕಡೆಯ ಕಾರ್ಖಾನೆಯ ವ್ಯಾನು ಹಾರನ್ ಹೊಡೆದು, ನಿದ್ದೆಗಣ್ಣಿನ ಏಳೆಂಟು ಜನರನ್ನು ತುಂಬಿಕೊಂಡು ಆಗಲೇ ಹೊರಟುಹೋಗಿದೆ. ಗುಡೇಮಾರನಹಳ್ಳಿಯಿಂದ ಮೂರು ಕಿಲೋಮೀಟರ್ ಒಳಗಿರುವ ಹುಣಸೇಮರದದೊಡ್ಡಿಯಲ್ಲಿ ಹಾಲಿನ ಡೈರಿಯ ಬಾಗಿಲು ತೆರೆದಿದೆ. ಟ್ಯೂಬ್‌ಲೈಟಿನ ಕೆಳಗೆ ಸಿದ್ದರಾಮು ನಿಂತಿದ್ದಾರೆ. ವಯಸ್ಸು ನಲವತ್ತೊಂಬತ್ತು. ತಲೆಗೆ ಮಫ್ಲರ್, ಕೈಯಲ್ಲಿ ಲ್ಯಾಕ್ಟೋಮೀಟರ್, ಮುಖದಲ್ಲಿ ಅನುಮಾನ.

ಅನುಮಾನವೇ ಅವರ ಉದ್ಯೋಗ. ಇಪ್ಪತ್ತೆರಡು ವರ್ಷದಿಂದ ಅವರು ಈ ಡೈರಿಯ ಹಾಲು ಪರೀಕ್ಷಕ. ನೂರಾ ಹನ್ನೆರಡು ಮನೆಯವರು ಬೆಳಿಗ್ಗೆ, ಸಂಜೆ ಹಾಲು ತರುತ್ತಾರೆ. ಒಂದೊಂದು ಕ್ಯಾನಿನಿಂದಲೂ ಸೌಟಿನಲ್ಲಿ ಒಸಿ ಹಾಲು ತೆಗೆದು, ಮೊದಲು ಮೂಸುತ್ತಾರೆ, ಅಂಗೈ ಮೇಲೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕುತ್ತಾರೆ, ಆಮೇಲೆ ಕೊಳವೆಗೆ ಸುರಿದು ಲ್ಯಾಕ್ಟೋಮೀಟರ್ ತೇಲಿಬಿಡುತ್ತಾರೆ. ಅದು ಇಪ್ಪತ್ತೆಂಟು ತೋರಿಸಿದರೆ ಸರಿ. ಇಪ್ಪತ್ತಾರಕ್ಕಿಂತ ಕೆಳಗೆ ಬಂದರೆ ಹಾಲಿಗೆ ನೀರು ಸೇರಿದೆ ಎಂದೇ ಲೆಕ್ಕ. ಆ ಕ್ಯಾನು ಬಂದ ದಾರಿಯಲ್ಲೇ ವಾಪಸು ಹೋಗುತ್ತದೆ.

"ನೀರು ಹಾಕ್ಬುಟ್ಟು, ಮೀಟ್ರು ಏರ್ಲಿ ಅಂತ ಮೇಲೆ ಸಕ್ಕರೆ ಹಾಕೋರೂ ಅವ್ರೆ. ಅದಕ್ಕೇ ನೆಕ್ಕಿ ನೋಡೋದು" ಎನ್ನುತ್ತಾರೆ. "ಎಲ್ರೂ ಒಳ್ಳೇ ಜನವೇ ಕಣ್ರೀ. ಆದ್ರೆ ನಾನು ಹಾಲು ನೋಡೋದು, ಜನಾನಲ್ಲ."

ಸಿಕ್ಕಿಬಿದ್ದವರು ಮಾಡುವ ಮೊದಲ ಕೆಲಸ ಆಣೆ ಇಡುವುದು. ಮಕ್ಕಳಾಣೆ, ದೇವರಾಣೆ, ಕರುವಿನ ಮೇಲಾಣೆ. ಎಲ್ಲಕ್ಕೂ ಸಿದ್ದರಾಮು ಅವರದ್ದು ಒಂದೇ ಉತ್ತರ: "ಆಣೆ ಬ್ಯಾಡ, ಸ್ಯಾಂಪಲ್ ಕೊಡಿ." ಊರಿನ ಮಕ್ಕಳು ಗೋಲಿ ಆಡುವಾಗಲೂ ಈ ಮಾತನ್ನೇ ಆಡಿಕೊಂಡು ನಗುತ್ತವೆ.

ನನ್ನನ್ನೂ ಅವರು ಸುಮ್ಮನೆ ಒಳಗೆ ಬಿಡಲಿಲ್ಲ. ಪತ್ರಿಕೆಯವನು ಎಂದೆ. ಕಾರ್ಡ್ ಕೇಳಿದರು. ಕೊಟ್ಟೆ. ಫೋಟೋ ನೋಡಿದರು, ನನ್ನನ್ನು ನೋಡಿದರು, ಮತ್ತೆ ಫೋಟೋ ನೋಡಿದರು. "ಇದ್ರಲ್ಲಿ ತಲೆ ತುಂಬ ಕೂದ್ಲೈತಲ್ಲ" ಎಂದರು. ಹನ್ನೊಂದು ವರ್ಷದ ಹಿಂದಿನ ಫೋಟೋ ಎಂದು ನಾನು ವಿವರಣೆ ಕೊಡಬೇಕಾಯಿತು. ಇಂಥ ಮನುಷ್ಯನಿಗೆ ಈಗ ಡಾಕ್ಟರು ಆಂಜಿಯೋಗ್ರಾಂ ಆಗಬೇಕು ಅಂದಿದ್ದಾರೆ. ಇಡೀ ಊರು ಕುತೂಹಲದಿಂದ ಕಾಯುತ್ತಿದೆ.

ಆಗಿದ್ದಿಷ್ಟು. ಕಳೆದ ಆರೇಳು ತಿಂಗಳಿಂದ ನಲವತ್ತು ಲೀಟರಿನ ಕ್ಯಾನನ್ನು ಲಾರಿಗೆ ಎತ್ತುವಾಗ ಸಿದ್ದರಾಮು ಅವರಿಗೆ ಎದೆ ಬಿಗಿಯುತ್ತಿತ್ತು. ಎಡಗೈ ಸೆಳೆಯುತ್ತಿತ್ತು. ಗ್ಯಾಸು ಎಂದುಕೊಂಡು ಶುಂಠಿ ಜಗಿದರು, ಸೋಡಾ ಕುಡಿದರು. ಅಷ್ಟರಲ್ಲಿ ಊರಿನ ಶಾಲೆಯಲ್ಲಿ ಬೆಂಗಳೂರಿನ ಒಂದು ಆಸ್ಪತ್ರೆಯವರು ಉಚಿತ ಹೃದಯ ತಪಾಸಣೆ ಶಿಬಿರ ಮಾಡಿದರು. ಹೆಂಡತಿ ಲಕ್ಷ್ಮಿದೇವಮ್ಮ ತಳ್ಳಿಕೊಂಡು ಹೋದರು. ಇಸಿಜಿ ನೋಡಿದ ಡಾಕ್ಟರು ಹುಬ್ಬು ಗಂಟಿಕ್ಕಿದರು. ಆಮೇಲೆ ಮಾಗಡಿಯ ತಮ್ಮ ಶಾಖೆಗೆ ಕರೆಸಿ ಓಡುವ ಮಷಿನ್ ಮೇಲೆ ನಿಲ್ಲಿಸಿದರು. ನಾಲ್ಕೇ ನಿಮಿಷಕ್ಕೆ ಇಳಿಸಿ, "ಹೃದಯದ ರಕ್ತನಾಳ ಕಟ್ಟಿರೋ ಹಾಗಿದೆ, ಒಳಗೆ ನೋಡದೆ ಹೇಳೋಕೆ ಆಗಲ್ಲ" ಎಂದರು.

ಸಿದ್ದರಾಮು ನಂಬಲಿಲ್ಲ. ನಂಬುವುದಾದರೂ ಹೇಗೆ? ಎರಡು ವರ್ಷದಿಂದ ಈ ಕಡೆಗೆ ಕಾರಿನಲ್ಲಿ ಬಂದು, ನಗುನಗುತ್ತಾ ಮಾತಾಡಿ, ಕಾಗದ ಮುಂದಿಟ್ಟವರೆಲ್ಲ ಒಂದಲ್ಲ ಒಂದು ಹೊಲವನ್ನು ಹೊಡೆದುಕೊಂಡೇ ಹೋಗಿದ್ದಾರೆ. ಸರ್ವೆ ಎಂದರು, ಹೊಲದಲ್ಲಿ ಕಲ್ಲು ನೆಟ್ಟರು. ಕೆಲಸ ಕೊಡುತ್ತೇವೆ ಎಂದರು, ಹೆಬ್ಬೆಟ್ಟು ಒತ್ತಿಸಿಕೊಂಡರು. ಈಗ ಇವರು ಕಾರಿನಲ್ಲಿ ಬಂದಿದ್ದಾರೆ, ನಗುತ್ತಿದ್ದಾರೆ, ಕೈಯಲ್ಲಿ ಕಾಗದವೂ ಇದೆ.

"ಪುಕ್ಸಟ್ಟೆ ಅಂದ್ರೇ ನಂಗೆ ಅನುಮಾನ" ಎನ್ನುತ್ತಾರೆ. "ತೊಡೆ ಸಂದೀಲಿ ಪೈಪು ಬುಟ್ಟು, ಎದೇಗಂಟ ತಗಂಡೋಗಿ, ಬಣ್ಣ ಹಾಕ್ತಾರಂತೆ. ನಾವು ಹಾಲಿಗೆ ಬಣ್ಣ ಹಾಕಿದ್ರೆ ಕೇಸಾಯ್ತದೆ. ಇವ್ರು ರಕ್ತಕ್ಕೇ ಹಾಕ್ತಾರಂತಲ್ಲ."

ಖರ್ಚಿಗೆ ಹಾಲು ಉತ್ಪಾದಕರ ಸಂಘದ ವಿಮೆ ಇದೆ, ಆ ಚಿಂತೆ ಅವರಿಗಿರಲಿಲ್ಲ. ಇದ್ದ ಚಿಂತೆ ಒಂದೇ: ಈ ಡಾಕ್ಟರು ಇರುವುದನ್ನು ಹೇಳುತ್ತಿದ್ದಾರೋ, ಬಂದವರಿಗೆಲ್ಲ ಇದನ್ನೇ ಹೇಳುತ್ತಾರೋ? ಅದನ್ನು ಪತ್ತೆ ಹಚ್ಚಲು ಅವರಿಗೆ ಗೊತ್ತಿದ್ದ ದಾರಿಯೂ ಒಂದೇ. ಡೈರಿಗೆ ಮೇಲಿನಿಂದ ತಪಾಸಣೆಗೆ ಬರುವವರು ಒಂದು ಉಪಾಯ ಮಾಡುತ್ತಾರೆ. ಒಂದೇ ಹಾಲನ್ನು ಎರಡು ಬಾಟಲಿಗೆ ಹಾಕಿ, ಎರಡು ನಂಬರು ಬರೆದು, ಪರೀಕ್ಷಕನ ಕೈಗೆ ಕೊಡುತ್ತಾರೆ. ಎರಡಕ್ಕೂ ಒಂದೇ ಅಂಕಿ ಬಂದರೆ ಪರೀಕ್ಷಕ ನೆಟ್ಟಗಿದ್ದಾನೆ ಎಂದರ್ಥ. ಸಿದ್ದರಾಮು ಮಾಗಡಿಯಲ್ಲಿ ತಮ್ಮ ಇಸಿಜಿಯನ್ನು ಜೆರಾಕ್ಸ್ ಮಾಡಿಸಿದರು. ಹೆಸರಿದ್ದ ತುದಿಯನ್ನು ಕತ್ತರಿಸಿದರು. ಅದರ ಮೇಲೆ ತಮ್ಮ ಅಣ್ಣ ಬಸವಯ್ಯನ ಹೆಸರು, ಬಸವಯ್ಯನ ಮೊಬೈಲ್ ನಂಬರು ಬರೆದು, "ನಮ್ಮಣ್ಣಂದು, ಅವ್ನಿಗೆ ಬರಕ್ಕಾಗ್ನಿಲ್ಲ" ಎಂದು ಅದೇ ಆಸ್ಪತ್ರೆಯವರ ಕೈಗೆ ಕೊಟ್ಟು ಬಂದರು. ಅಣ್ಣನಿಗೆ ಮಾತ್ರ ಹೇಳಲಿಲ್ಲ.

ಬಸವಯ್ಯನವರಿಗೆ ಐವತ್ತೆಂಟು. ನಲವತ್ತು ಕುರಿ ಸಾಕಿಕೊಂಡು, ದಿನಕ್ಕೆ ಹತ್ತು ಮೈಲಿ ನಡೆಯುವ ಆಳು. ಗುಡ್ಡದ ಬುಡದಲ್ಲಿ ಕುರಿ ಬಿಟ್ಟುಕೊಂಡು ಕೂತಿದ್ದಾಗ ಫೋನ್ ಬಂತು. ನಿಮ್ಮ ಹಾರ್ಟ್ ಸರಿಯಿಲ್ಲ, ಭಾರ ಎತ್ತಬೇಡಿ, ಬೇಗ ಬನ್ನಿ ಎಂದು ಒಬ್ಬ ಹೆಣ್ಣುಮಗಳು ನಯವಾಗಿ ಹೇಳಿದಳು. ಬಸವಯ್ಯ ಕೋಲು ಅಲ್ಲೇ ಬಿಟ್ಟು, ಮರದ ಕೆಳಗೆ ಅಂಗಾತ ಮಲಗಿಬಿಟ್ಟರು. ಯಾರೋ ಮೊಪೆಡ್ಡಿನಲ್ಲಿ ಕೂರಿಸಿಕೊಂಡು ಮನೆಗೆ ತಂದರು. ಮೂರು ದಿನ ಗಂಜಿ ಬಿಟ್ಟರೆ ಬೇರೇನೂ ಮುಟ್ಟಲಿಲ್ಲ. ಕುರಿಗಳು ದೊಡ್ಡಿಯಲ್ಲೇ ಅರಚಿಕೊಂಡವು.

"ಎದೆ ಮೇಲೆ ಕೈ ಇಟ್ಕಂಡ್ರೆ ಡಬಡಬ ಅಂತಿತ್ತು ಸ್ವಾಮಿ. ಮದ್ಲಿಂದ್ಲೂ ಹಂಗೇ ಅಂತಿತ್ತೋ ಏನೋ, ನಾನ್ಯಾವತ್ತು ಇಟ್ಕಂಡು ನೋಡಿದ್ದೆ" ಎಂದು ಬಸವಯ್ಯ ಈಗ ನಗುತ್ತಾರೆ. ಆಗ ನಗಲಿಲ್ಲ. ನಾಲ್ಕನೆಯ ದಿನ ಸಿದ್ದರಾಮು ಬಾಯಿ ಬಿಡುವ ಹೊತ್ತಿಗೆ ಅವರನ್ನು ಆಸ್ಪತ್ರೆಗೆ ಕರೆದೊಯ್ದು ಆಗಿತ್ತು. ಅಲ್ಲಿ ಹೊಸದಾಗಿ ಇಸಿಜಿ ತೆಗೆದರು, ಓಡಿಸಿದರು. ಬಸವಯ್ಯ ಹನ್ನೊಂದು ನಿಮಿಷ ಓಡಿ, ಇನ್ನೂ ಓಡಬೇಕಾ ಎಂದು ಕೇಳಿದರಂತೆ. "ನಿಮಗೆ ಏನೂ ಇಲ್ಲ, ಹೋಗಿ ಕುರಿ ಕಾಯಿರಿ" ಎಂದು ಡಾಕ್ಟರು ಕಳಿಸಿದರು. ಆದರೆ ಹಳೇ ಇಸಿಜಿಗೂ ಹೊಸದಕ್ಕೂ ಅಜಗಜಾಂತರ ಇರುವುದನ್ನು ನೋಡಿ ಡಾಕ್ಟರಿಗೇ ತಲೆ ಕೆಟ್ಟಿತು. ಸಿದ್ದರಾಮು ಹೋಗಿ ಒಪ್ಪಿಕೊಂಡರು.

ಮನೆಗೆ ಬಂದ ಮೇಲೆ ಅಣ್ಣ ಕೇಳಿದ್ದು ಒಂದೇ ಮಾತು. "ಲೇ ಸಿದ್ದಾ, ನನ್ನ ಹೆಸ್ರೇ ಬೇಕಾಗಿತ್ತೇನ್ಲಾ?" ಎರಡು ವಾರ ಮಾತು ಬಿಟ್ಟಿದ್ದರು.

ಇದೆಲ್ಲ ಕೇಳಿ ನನಗೆ ನಗು ಬಂತು, ಆಮೇಲೆ ಸ್ವಲ್ಪ ಸಿಟ್ಟೂ ಬಂತು. ಪರೀಕ್ಷೆ ಮುಗಿಯಿತಲ್ಲ, ಇನ್ನೇನು ಅನುಮಾನ ಎಂದು ಕೇಳಿದೆ. ಸಿದ್ದರಾಮು ಲ್ಯಾಕ್ಟೋಮೀಟರನ್ನು ಬಟ್ಟೆಯಲ್ಲಿ ಒರೆಸಿ ಪಕ್ಕಕ್ಕಿಟ್ಟರು.

"ಒಂದೇ ಪೇಪರ್‌ಗೆ ಎರಡು ಹೆಸ್ರು ಬರೆದ್ರೂ ಒಂದೇ ಮಾತು ಹೇಳುದ್ರು. ಚೆನ್ನಾಗಿರೋ ನಮ್ಮಣ್ಣಂಗೆ ಏನಿಲ್ಲ ಅಂದ್ರು. ಡಾಕ್ಟ್ರು ಸರಿಯಾಗೇ ಅವ್ರೆ" ಎಂದರು. ಆಮೇಲೆ ದನಿ ತಗ್ಗಿಸಿದರು. "ಅದೇ ನಂಗೆ ಹೆದ್ರಿಕೆ. ಅವ್ರು ಸುಳ್ಳು ಹೇಳ್ತಾವ್ರೆ ಅನ್ಕಂಡಿದ್ದಾಗ ನಿದ್ದೆ ಬತ್ತಿತ್ತು."

ಆ ಹೆದರಿಕೆಗೇ ಅವರು ಆಗ ಒಂದು ತಿಂಗಳು ಆಸ್ಪತ್ರೆಯ ಕಡೆ ಹೋಗಿರಲಿಲ್ಲ. ಒಂದು ಬೆಳಿಗ್ಗೆ ಡೈರಿಯ ಬಾಗಿಲಲ್ಲೇ ಕ್ಯಾನು ಎತ್ತಲಾಗದೆ ಕುಕ್ಕರಿಸಿ ಕೂತರು. ಮೈಯೆಲ್ಲ ಬೆವರು. ಸಾಲಿನಲ್ಲಿದ್ದವರು ಸುತ್ತಿಕೊಂಡರು. "ಏನಾಗಿಲ್ಲ, ಗ್ಯಾಸು, ದೇವ್ರಾಣೆಗೂ ಗ್ಯಾಸು" ಎಂದರು ಸಿದ್ದರಾಮು.

ಸಾಲಿನಲ್ಲಿ ವೆಂಕಟಲಕ್ಷ್ಮಮ್ಮ ಇದ್ದರು. ಅರವತ್ತೈದು ದಾಟಿದ ಒಕ್ಕಲುಮನೆಯ ಹೆಣ್ಣುಮಗಳು. ಎಂಟು ವರ್ಷದ ಹಿಂದೆ ಅವರ ಹಾಲನ್ನೂ ಸಿದ್ದರಾಮು ವಾಪಸು ಕಳಿಸಿದ್ದರು. ಅವರೂ ಆಣೆ ಇಟ್ಟಿದ್ದರು, ಅತ್ತಿದ್ದರು. ಆಗ ಸಿದ್ದರಾಮು ಅವರ ಕೊಟ್ಟಿಗೆಗೇ ಹೋಗಿ, ಕಣ್ಣೆದುರೇ ಹಾಲು ಕರೆಸಿ, ಅಲ್ಲೇ ಲ್ಯಾಕ್ಟೋಮೀಟರ್ ಬಿಟ್ಟು ನೋಡಿದ್ದರು. ಹಸು ಕೊಡುತ್ತಿದ್ದದ್ದೇ ನೀರಾದ ಹಾಲು. ಕೆಚ್ಚಲು ಬಾವು ಒಳಗೊಳಗೇ ಶುರುವಾಗಿತ್ತು. ದನದ ಡಾಕ್ಟರು ಬಂದು ಚುಚ್ಚಿದರು, ಹಸು ಉಳಿಯಿತು. ಅದರ ಮೊಮ್ಮಗಳು ಹಸುವಿನ ಹಾಲನ್ನೇ ಅವರು ಈಗಲೂ ತರುತ್ತಾರೆ.

ಆ ವೆಂಕಟಲಕ್ಷ್ಮಮ್ಮ ಕ್ಯಾನು ಕೆಳಗಿಟ್ಟು, ಮೂವತ್ತು ಜನರ ಎದುರು ಹೇಳಿದರು: "ಆಣೆ ಬ್ಯಾಡ ಕಣಪ್ಪ ಸಿದ್ರಾಮು. ಸ್ಯಾಂಪಲ್ ಕೊಡು."

ಯಾರೂ ನಗಲಿಲ್ಲವಂತೆ. ಸಿದ್ದರಾಮು ಮರುದಿನವೇ ಆಸ್ಪತ್ರೆಗೆ ಫೋನ್ ಮಾಡಿ ದಿನ ಗೊತ್ತು ಮಾಡಿಕೊಂಡರು.

ದಿನ ಗೊತ್ತಾಯಿತು, ಅನುಮಾನ ಹೋಗಲಿಲ್ಲ. ಆಸ್ಪತ್ರೆಯವರು ಕೊಟ್ಟ ಒಪ್ಪಿಗೆ ಪತ್ರ ನಾಲ್ಕು ಪುಟ, ಪೂರಾ ಇಂಗ್ಲಿಷು. ಸಹಿ ಹಾಕಿ ತರಬೇಕು. ನಾನು ಹೋದ ದಿನ ಹಾಲಿನ ಲಾರಿ ಹೊರಟ ಮೇಲೆ, ಅದನ್ನು ನನ್ನ ಕೈಗೆ ಕೊಟ್ಟು ಓದಿ ಹೇಳಿ ಎಂದರು. ಓದಿದೆ. ಸಾವಿರದಲ್ಲಿ ಒಬ್ಬರಿಗೆ ಪ್ರಾಣಾಪಾಯ ಆಗಬಹುದು ಎಂಬ ಸಾಲು ಬಂತು. ಹೇಳಲೋ ಬೇಡವೋ ಎಂದು ಒಂದು ಗಳಿಗೆ ತಡವರಿಸಿದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಇದ್ದದ್ದನ್ನು ಇದ್ದಂತೆ ಹೇಳಿದೆ.

"ಹೂಂ. ಇಸ್ಕೂಲ್ ಮೇಷ್ಟ್ರೂ ಹಂಗೇ ಓದುದ್ರು" ಎಂದು ಕಾಗದ ಮಡಚಿ ಜೇಬಿಗಿಟ್ಟರು. ಕಾರ್ಡ್ ನೋಡಿ ಮುಗಿದ ಮೇಲೂ ನಾನು ಪರೀಕ್ಷೆಯಲ್ಲೇ ಇದ್ದೆ ಎಂದು ಆಗ ಗೊತ್ತಾಯಿತು. ಪಾಸಾದೆ ಎಂದು ಸಂತೋಷಪಟ್ಟೆ, ಸುಳ್ಳೇಕೆ ಹೇಳಲಿ.

ಇನ್ನೊಂದು ತೊಡಕಿತ್ತು. ಅವರು ಆಸ್ಪತ್ರೆಯಲ್ಲಿರುವ ದಿನಗಳಲ್ಲಿ ಹಾಲು ನೋಡುವವರು ಯಾರು? ನಾಳಗಳಲ್ಲಿ ಏನಾದರೂ ಸಿಕ್ಕಿದರೆ ಮೂರು ದಿನ ಅಂದದ್ದು ಮೂವತ್ತು ದಿನವೂ ಆಗಬಹುದು. ಯಾರ ಹೆಸರು ಹೇಳಿದರೂ ಸಿದ್ದರಾಮು ತಲೆ ಅಲ್ಲಾಡಿಸಿದರು. ಒಬ್ಬ ಅಳಿಯನ ಹಾಲಿಗೆ ಕಣ್ಣು ಮುಚ್ಚುತ್ತಾನೆ, ಇನ್ನೊಬ್ಬ ಚೇರ್ಮನ್ನರ ಹಾಲಿಗೆ. ಕೊನೆಗೆ ಸಂಘದವರೇ ಲಕ್ಷ್ಮಿದೇವಮ್ಮನವರ ಹೆಸರು ಹೇಳಿದರು. ಎಸ್ಸೆಸ್ಸೆಲ್ಸಿ ಓದಿದವರು, ಇಪ್ಪತ್ತು ವರ್ಷ ಈ ಕೌಂಟರಿಗೆ ಹಾಲು ತಂದವರು. ಕ್ಯಾನಿನ ತಳದಲ್ಲಿ ತೊಳೆದ ನೀರು ಉಳಿದಿತ್ತೆಂದು ಒಮ್ಮೆ ಊರೆಲ್ಲರ ಎದುರು ಗಂಡನೇ ಬೇಡವೆಂದ ಹಾಲನ್ನು ವಾಪಸು ತೆಗೆದುಕೊಂಡು ಹೋದವರು.

"ಆವತ್ತು ಎರಡು ದಿನ ಇವ್ರಿಗೆ ಮುದ್ದೆ ಇಕ್ಕಿದ್ದೇ ಹೊರ್ತು ಮಾತಾಡ್ಲಿಲ್ಲ" ಎನ್ನುತ್ತಾರೆ ಲಕ್ಷ್ಮಿದೇವಮ್ಮ. "ತಪ್ಪು ನಂದೇ. ಆದ್ರೂ ಹೊಟ್ಟೆ ಉರೀತದಲ್ಲ."

ಹದಿನೈದು ದಿನ ಗಂಡ ಕಲಿಸಿದರು. ಹೆಂಡತಿ ಕಲಿತರು. ಆಸ್ಪತ್ರೆಗೆ ಹೊರಡುವ ಹಿಂದಿನ ಬೆಳಿಗ್ಗೆ ನಾನು ಮತ್ತೆ ಹೋದೆ. ಲಕ್ಷ್ಮಿದೇವಮ್ಮ ಆಗಲೇ ಕೌಂಟರಿನ ಹಿಂದೆ ನಿಂತಿದ್ದಾರೆ. ಮನೆಯ ಹಸು ಕರೆಯುವ ಕೆಲಸ ಆವತ್ತು ಸಿದ್ದರಾಮು ಅವರದ್ದು. ಅವರನ್ನು ಕಾಣಲೆಂದು ಕೊಟ್ಟಿಗೆಯ ಕಡೆ ನಡೆದವನು ಬೇಲಿಯ ಹತ್ತಿರ ನಿಂತುಬಿಟ್ಟೆ. ಸಿದ್ದರಾಮು ನಲ್ಲಿಯ ಕೆಳಗೆ ಚೊಂಬು ಹಿಡಿದಿದ್ದಾರೆ. ಆ ಕಡೆ ಈ ಕಡೆ ನೋಡಿ, ಚೊಂಬು ತುಂಬ ನೀರನ್ನು ತಮ್ಮದೇ ಕ್ಯಾನಿಗೆ ಸುರಿದು ಮುಚ್ಚಳ ಹಾಕುತ್ತಾರೆ.

ನನಗೆ ಮೈ ಉರಿಯಿತು. ಇಪ್ಪತ್ತೆರಡು ವರ್ಷ ಊರಿಗೆಲ್ಲ ನ್ಯಾಯ ಹೇಳಿ, ಹೆಂಡತಿ ಕೌಂಟರಿಗೆ ಬಂದ ದಿನವೇ ಇದಾ? ಇಂಥವರ ಬಗ್ಗೆ ಬರೆಯಲು ನಾನು ಎರಡು ಸಲ ಬಸ್ಸು ಹತ್ತಿ ಬಂದೆನಾ? ಅವರ ಹಿಂದೆಯೇ ಹೋಗಿ ಸಾಲಿನ ಪಕ್ಕ ನಿಂತೆ.

ಅವರ ಸರದಿ ಬಂತು. ಲಕ್ಷ್ಮಿದೇವಮ್ಮ ಗಂಡನ ಮುಖ ನೋಡಲಿಲ್ಲ. ಹಾಲು ತೆಗೆದರು, ಮೂಸಿದರು, ಅಂಗೈ ಮೇಲೆ ಬಿಟ್ಟುಕೊಂಡು ನೆಕ್ಕಿದರು. ಲ್ಯಾಕ್ಟೋಮೀಟರ್ ಇಪ್ಪತ್ನಾಲ್ಕಕ್ಕೆ ನಿಂತಿತು. ಇನ್ನೊಮ್ಮೆ ಕಲಕಿ ಬಿಟ್ಟರು. ಇಪ್ಪತ್ನಾಲ್ಕೇ.

"ಮನೆ ಹಾಲು ಕಣೆ ಲಕ್ಷ್ಮೀ" ಎಂದರು ಸಿದ್ದರಾಮು, ಮೆತ್ತಗೆ. "ನಾಳೆ ಆಸ್ಪತ್ರೆಗೆ ಹೋಗೋನು ನಾನು. ಇವತ್ತೊಂದಿನ ಸುರ್ಕೋ."

ಲಕ್ಷ್ಮಿದೇವಮ್ಮನವರ ಕಣ್ಣು ತುಂಬಿದ್ದು ನನಗೂ ಕಂಡಿತು. ಕ್ಯಾನಿನ ಮುಚ್ಚಳ ಒತ್ತಿ ಮುಚ್ಚಿ, ಗಂಡನ ಕಡೆ ತಳ್ಳಿದರು.

"ನೀರೈತೆ. ತಗಂಡ್ ಹೋಗಿ" ಎಂದರು. "ಮುಂದ್ಲೋರು ಬನ್ನಿ."

ಸಿದ್ದರಾಮು ಕ್ಯಾನು ಹಿಡಿದು ಹೊರಗೆ ಬಂದರು. ನನ್ನ ಮುಖ ನೋಡಿಯೇ ಅವರಿಗೆ ತಿಳಿದಿರಬೇಕು. "ನೋಡ್ಬುಟ್ರಾ? ಒಂದೇ ಚೊಂಬು, ನಾನೇ ಹಾಕಿದ್ದು" ಎಂದರು. "ಅವ್ಳು ಸುರ್ಕಂಡಿದ್ರೆ ಡೈರಿ ಬುಟ್ಟು ನಾಳೆ ಹೋಯ್ತಿರ್ನಿಲ್ಲ."

ಕ್ಯಾನನ್ನು ಕಟ್ಟೆಯ ಮೇಲಿಟ್ಟರು. ಜೇಬಿನಿಂದ ಆ ನಾಲ್ಕು ಪುಟ ತೆಗೆದು, ಮುಚ್ಚಳದ ಮೇಲೆ ಹರಡಿ, ನನ್ನ ಪೆನ್ನು ಕೇಳಿದರು. ಬರೆಯುತ್ತದೋ ಇಲ್ಲವೋ ಎಂದು ಮೊದಲು ಅಂಗೈ ಮೇಲೆ ಗೀಚಿ ನೋಡಿ, ಆಮೇಲೆ ಸಹಿ ಹಾಕಿದರು.

"ಭಯ ಐತೆ ಕಣ್ರೀ" ಎಂದರು. "ಎದೇಲಿ ಏನೈತೋ ಅದನ್ನ ಡಾಕ್ಟ್ರು ಹಂಗೇ ಹೇಳ್ಲಿ ಸಾಕು. ನಮ್ಮನೆಯವ್ಳು ಹೇಳುದ್ಲಲ್ಲ, ಹಂಗೆ."